‘ಫ್ರಾತೆಲ್ಲಿ ತೂತ್ತಿ’ಯ ನಾಲ್ಕು ಕ್ರಿಯಾಪದಗಳು: ಬೈಲಕುಪ್ಪೆಯಿಂದ ಒಂದು ವಿಮರ್ಶೆ

ಜಗದ್ಗುರು ಫ್ರಾನ್ಸಿಸರು 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಮಾಡಿದ ‘ಫ್ರಾತೆಲ್ಲಿ ತೂತ್ತಿ’ ವಿಶ್ವಪತ್ರದ ನಾಲ್ಕನೆಯ ಅಧ್ಯಾಯವು ವಲಸಿಗರ ಕುರಿತಾದ ನಮ್ಮ ಕರ್ತವ್ಯವನ್ನು ನಾಲ್ಕು ಕ್ರಿಯಾಪದಗಳಲ್ಲಿ ಅಡಕಗೊಳಿಸುತ್ತದೆ: ಬರಮಾಡಿಕೊಳ್ಳುವುದು, ರಕ್ಷಿಸುವುದು, ಏಳಿಗೆಗೆ ತರುವುದು, ಸಮಾಜದಲ್ಲಿ ಒಂದಾಗಿಸುವುದು. ಗುರುಮಠಗಳಲ್ಲಿ ಇವು ಬಾಯಿಪಾಠವಾಗಿವೆ. ಈ ನೆಲದ ಅನುಭವದಲ್ಲಿ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1959ರಲ್ಲಿ ದಲೈ ಲಾಮಾ ಅವರು ಭಾರತವನ್ನು ಸೇರಿದ ಬಳಿಕ, ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗಾಗಿ ಸುಮಾರು 3,000 ಎಕರೆ ನೆಲವನ್ನು ಒದಗಿಸಿತು. 1969ರಲ್ಲಿ ಅಲ್ಲಿಯೇ ಎರಡನೆಯ ನೆಲೆ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆ ಸ್ಥಾಪನೆಯಾದವು. ಬಂದವರನ್ನು ಚದುರಿಸದೆ ಊರಾಗಿ ಬಾಳಲು ಬಿಟ್ಟದ್ದು, ಉಳುಮೆಗೆ ಭೂಮಿ, ಸಹಕಾರ ಸಂಘ, ಶಾಲೆ, ಮಠಗಳಿಗೆ ಅವಕಾಶವಿತ್ತದ್ದು ಈ ಕಾರ್ಯದ ಹಿರಿಮೆ. ಮೊದಲ ಮೂರು ಕ್ರಿಯಾಪದಗಳು ವಿಶ್ವಪತ್ರಕ್ಕಿಂತ ಆರು ದಶಕ ಮುಂಚೆಯೇ ಇಲ್ಲಿ ಬಹುಮಟ್ಟಿಗೆ ಆಚರಣೆಗೆ ಬಂದಿದ್ದವು.

ನಾಲ್ಕನೆಯದು ಮಾತ್ರ ಅರ್ಧಕ್ಕೆ ನಿಂತಿದೆ. ನೆಲ ಗುತ್ತಿಗೆಯದು, ಹಲವರ ಗುರುತು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ಬಹುಕಾಲದಿಂದ ನೆಲೆಸಿ ಸಮಾಜದ ಬದುಕಿನಲ್ಲಿ ಬೆರೆತವರಿಗೆ ಪೌರತ್ವದ ಪರಿಕಲ್ಪನೆಯನ್ನು ಅನ್ವಯಿಸಬೇಕೆಂದು ವಿಶ್ವಪತ್ರವು 131ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ನಮ್ಮ 2019ರ ಪೌರತ್ವ ತಿದ್ದುಪಡಿ ಕಾಯ್ದೆ ಬೌದ್ಧರನ್ನು ಹೆಸರಿಸುತ್ತದೆ. ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದವರಿಗೆ ಸೀಮಿತವಾದುದರಿಂದ ಬೈಲಕುಪ್ಪೆಯ ಬೌದ್ಧರಿಗೆ ಅದರಿಂದ ಏನೂ ದಕ್ಕದು. ಅದೇ ಕಾಯ್ದೆ ಅಫ್ಘಾನಿಸ್ತಾನದ ಕ್ರೈಸ್ತರನ್ನು ಒಳಗೊಳ್ಳುತ್ತದೆ, ಮುಸಲ್ಮಾನರನ್ನು ಹೊರಗಿಡುತ್ತದೆ. 2023ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನವು ಗಡೀಪಾರನ್ನು ಘೋಷಿಸಿದ ಮೇಲೆ ಲಕ್ಷಾಂತರ ಆಫ್ಘನ್ನರು ತಾವು ತೊರೆದುಬಂದ ನಾಡಿಗೇ ಮರಳಬೇಕಾಯಿತು. ಅಮೆರಿಕ, ಜರ್ಮನಿಗಳ ಆಶ್ವಾಸನೆಯನ್ನು ನಂಬಿ ಅಲ್ಲಿ ಕಾದಿದ್ದವರ ಮುಂದೆಯೂ 2025ರಲ್ಲಿ ಬಾಗಿಲುಗಳು ಮುಚ್ಚತೊಡಗಿದವು. ಅವರಲ್ಲಿ ಹಜಾರರಂತಹ ಪೀಡಿತ ಮುಸಲ್ಮಾನರೂ ಇದ್ದಾರೆ. ನಮ್ಮವರನ್ನು ಸೇರಿಸಿಕೊಂಡಿತೆಂಬ ಕಾರಣಕ್ಕೆ ಇಂತಹ ಕಾನೂನಿನ ವಿಷಯದಲ್ಲಿ ಧರ್ಮಸಭೆಯು ಮೌನ ತಾಳಲಾಗದು. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಬಳಿಗೆ ಬರುವ ಭಕ್ತರ ಮತವನ್ನು ನಾವು ಬಾಗಿಲಲ್ಲಿ ವಿಚಾರಿಸುವುದಿಲ್ಲ. ದೇಶದ ಬಾಗಿಲಲ್ಲಿ ಅದನ್ನು ವಿಚಾರಿಸುವುದು ಸರಿಯೆಂದು ಹೇಗೆ ಬೋಧಿಸಬಲ್ಲೆವು?

ಇಷ್ಟರವರೆಗೆ ವಿಶ್ವಪತ್ರ ನಮಗೆ ಆಧಾರವಾಗಿದೆ. ಅದರ ಕೊರತೆ ಗೋಚರವಾಗುವುದು ಎಚ್.ಡಿ. ಕೋಟೆಯ ಕಡೆಗೆ ತಿರುಗಿದಾಗ. ನಾಗರಹೊಳೆಯ ಅರಣ್ಯ ಸಂರಕ್ಷಣೆಯ ಹೆಸರಿನಲ್ಲಿ ಜೇನುಕುರುಬರೇ ಮೊದಲಾದ ಆದಿವಾಸಿಗಳು ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಹಲವು ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರವನ್ನು ಸೇರಿದವು. 2006ರ ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದಮೇಲೂ ಅವರ ಹಕ್ಕಿನ ಹೋರಾಟ ಮುಗಿದಿಲ್ಲ. ಹೊರಗಿನಿಂದ ಬಂದವರಿಗೆ ನೆಲೆ ಸಿಕ್ಕ ಸೀಮೆಯಲ್ಲೇ ಮೂಲನಿವಾಸಿಗಳು ನೆಲೆ ತಪ್ಪಿದರು. ಟಿಬೆಟಿಯನ್ನರು ಇದಕ್ಕೆ ಕಾರಣರಲ್ಲ. ಆದರೆ ನಾಲ್ಕು ಕ್ರಿಯಾಪದಗಳಿಗೂ ಕರ್ತೃ ಆತಿಥೇಯನೊಬ್ಬನೇ. ಮನೆ ಅವನದೇ ಎಂಬುದು ಅಲ್ಲಿ ಪ್ರಶ್ನಾತೀತ. ಆ ಮನೆಯೊಳಗೇ ಮನೆ ಕಳೆದುಕೊಂಡವನಿಗೆ ಈ ವ್ಯಾಕರಣದಲ್ಲಿ ಸ್ಥಾನವೆಲ್ಲಿ?

ಉತ್ತರಕ್ಕಾಗಿ ನಾವು ಯಾಜಕಕಾಂಡಕ್ಕೆ ಮರಳಬೇಕು. ನಮ್ಮ ಆಡುಮಾತಿನ ‘ಪರದೇಶಿ’ ದಿಕ್ಕಿಲ್ಲದವನು, ಕನಿಕರಕ್ಕೆ ಪಾತ್ರನಾದವನು. ಹೀಬ್ರೂ ಭಾಷೆಯ ‘ಗೇರ್’ ಹಾಗಲ್ಲ: ಹಕ್ಕಲು ಆಯುವುದಕ್ಕೂ ಸಬ್ಬತ್ತಿನ ವಿಶ್ರಾಂತಿಗೂ ಅವನು ಬಾಧ್ಯಸ್ಥ, ಅವನಿಗೂ ಸ್ವದೇಶಿಗೂ ಒಂದೇ ನ್ಯಾಯ (24:22). ಇನ್ನೂ ಮುಖ್ಯವಾಗಿ 25:23ರಲ್ಲಿ ದೇವರು ಭೂಮಿ ತನ್ನದೆಂದು ಸಾರಿ, ಇಸ್ರಯೇಲರನ್ನೇ ‘ಗೇರ್’ಗಳೆಂದು ಕರೆಯುತ್ತಾರೆ. ಅಲ್ಲಿಗೆ ಆತಿಥೇಯನೂ ಒಕ್ಕಲೇ. ಕೊಡುವವನ ಔದಾರ್ಯ ಅಳತೆಗೋಲಾಗಿರುವವರೆಗೆ ಒಬ್ಬನಿಗೆ ಕೊಟ್ಟು ಮತ್ತೊಬ್ಬನಿಂದ ಕಸಿಯುವುದು ಸಾಧ್ಯ. ಭೂಮಿ ದೇವರದೆಂದು ಒಪ್ಪಿದಾಗ ನಿರಾಶ್ರಿತನ ಪ್ರಶ್ನೆಯೂ ಆದಿವಾಸಿಯ ಪ್ರಶ್ನೆಯೂ ಒಂದೇ ನ್ಯಾಯಪೀಠದ ಮುಂದೆ ಬರುತ್ತವೆ.

ಆದುದರಿಂದ ವಲಸಿಗರ ಭಾನುವಾರದ ಪ್ರಬೋಧನೆಯಲ್ಲಿ ಅತಿಥಿ ಸತ್ಕಾರವನ್ನು ಕೊಂಡಾಡಿ ನಿಲ್ಲುವುದು ಸಾಲದು. ಬೈಲಕುಪ್ಪೆಯ ನೋಂದಣಿ ಪತ್ರವನ್ನೂ ನಾಗಾಪುರದ ಹಕ್ಕುಪತ್ರವನ್ನೂ ಒಟ್ಟಿಗೆ ಪ್ರಸ್ತಾಪಿಸುವ ಹೊಣೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸೇವೆಗೈಯುವ ಗುರುಗಳ ಮೇಲಿದೆ.