ಮಾಧ್ಯಮಿಕ ತರಗತಿಯಲ್ಲಿ ಕರ್ನಾಟಕದ ಇತಿಹಾಸ: ಒಂದು ವಿಮರ್ಶೆ

ನಾಡಿನ ಇತಿಹಾಸವನ್ನು ಶಾಲೆಯಲ್ಲಿ ಬೋಧಿಸಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಏನನ್ನು ಬೋಧಿಸಬೇಕೆಂಬಲ್ಲಿ ಮಾತ್ರ ಮತಭೇದವುಂಟು. 2022ರಲ್ಲಿ ಕರ್ನಾಟಕದ ಶಾಲಾ ಪಠ್ಯಪುಸ್ತಕಗಳ ಪರಿಷ್ಕರಣೆಯನ್ನು ಕುರಿತು ನಡೆದ ವಾದವಿವಾದವು ಇನ್ನೂ ನಮ್ಮ ನೆನಪಿನಲ್ಲಿದೆ. ಯಾವ ಹೆಸರನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳೇ ಅಂದು ಮುಂದಾಗಿದ್ದುವು. ಅವು ಅಲ್ಪವಾದ ಪ್ರಶ್ನೆಗಳೆಂದು ನಾವು ಹೇಳುವುದಿಲ್ಲ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪುಸ್ತಕದಲ್ಲಿರುವ ಮಾತು ನಿಜವೆಂಬುದನ್ನು 12 ವರ್ಷದ ವಿದ್ಯಾರ್ಥಿಯು ತಿಳಿಯುವುದು ಹೇಗೆ?

ಮಾಧ್ಯಮಿಕ ತರಗತಿಯ ಪಾಠಕ್ರಮ ನಮಗೆಲ್ಲರಿಗೂ ಪರಿಚಿತವಾದುದು. ಕದಂಬರು, ಗಂಗರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು, ಹೀಗೆ ಒಂದು ಮನೆತನದ ಹಿಂದೆ ಇನ್ನೊಂದು ಬರುತ್ತದೆ. ಪ್ರತಿಯೊಂದಕ್ಕೂ ಸ್ಥಾಪಕ, ಪ್ರಸಿದ್ಧ ದೊರೆ, ಬಿರುದು, ಯುದ್ಧ, ದೇವಾಲಯ, ಕವಿ ಎಂಬ ವಿಭಾಗಗಳುಂಟು. ಈ ಅನುಕ್ರಮವನ್ನು ನಾವು ಹಳಿಯಲಾರೆವು. ಕಾಲದ ಚೌಕಟ್ಟಿಲ್ಲದೆ ಇತಿಹಾಸವು ಕಥೆಗಳ ರಾಶಿಯಾದೀತು. ದೋಷವಿರುವುದು ಬೇರೆಡೆಯಲ್ಲಿ. ಬಹುಮಟ್ಟಿಗೆ ಸಂಗತಿಯು ತನ್ನ ಸಾಕ್ಷ್ಯದಿಂದ ಬೇರ್ಪಟ್ಟು ವಿದ್ಯಾರ್ಥಿಯ ಮುಂದೆ ನಿಲ್ಲುತ್ತದೆ. ಯಾರು ಹೇಳಿದರು, ಯಾವಾಗ ಹೇಳಿದರು, ಏಕೆ ಹೇಳಿದರು ಎಂಬ ವಿಚಾರಕ್ಕೆ ಅಲ್ಲಿ ಎಡೆಯಿಲ್ಲ.

ಇಮ್ಮಡಿ ಪುಲಕೇಶಿಯ ಪಾಠವನ್ನೇ ತೆಗೆದುಕೊಳ್ಳೋಣ. ಅವನು ಹರ್ಷವರ್ಧನನನ್ನು ಸೋಲಿಸಿದನೆಂಬ ವಾಕ್ಯವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಈ ಮಾತಿಗೆ ಮುಖ್ಯ ಆಧಾರವೆಂದರೆ ಐಹೊಳೆಯ ಮೇಗುಟಿ ಜಿನಾಲಯದಲ್ಲಿರುವ ಕ್ರಿ.ಶ. 634ರ ಶಾಸನ. ಅದನ್ನು ರಚಿಸಿದ ರವಿಕೀರ್ತಿಯು ಪುಲಕೇಶಿಯ ಆಶ್ರಯದಲ್ಲಿದ್ದವನು. ಆಶ್ರಿತ ಕವಿಯು ತನ್ನ ಒಡೆಯನನ್ನು ಹೊಗಳುವುದು ಸಹಜವಲ್ಲವೆ? ಹಾಗಾದರೆ ಅದನ್ನು ನಂಬುವುದೆಂತು? ಇಲ್ಲಿ ಎರಡನೆಯ ಸಾಕ್ಷಿಯೊಬ್ಬನಿದ್ದಾನೆ. ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಹರ್ಷನಿಂದ ಸನ್ಮಾನಿತನಾದವನು. ಪುಲಕೇಶಿಯ ಪಕ್ಷ ವಹಿಸಲು ಅವನಿಗೆ ಕಾರಣವಿರಲಿಲ್ಲ. ಆದರೂ ಪುಲಕೇಶಿಯ ಪ್ರಜೆಗಳನ್ನು ಅಧೀನಪಡಿಸಿಕೊಳ್ಳಲು ಹರ್ಷನಿಗೆ ಸಾಧ್ಯವಾಗಲಿಲ್ಲವೆಂದು ಅವನೂ ಬರೆದಿದ್ದಾನೆ. ಎರಡು ಸಾಕ್ಷ್ಯಗಳು ಕೂಡಿದಲ್ಲಿ ವಾಕ್ಯಕ್ಕೆ ಬಲ ಬರುತ್ತದೆ. ಮುಂದೆ 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡ ಸಂಗತಿಗೆ ಬಾದಾಮಿಯ ಬಂಡೆಯ ಮೇಲಿರುವ ಅವನ ಶಾಸನವೇ ಸಾಕ್ಷಿ. ಗೆಲವು ಸೋಲುಗಳೆರಡೂ ಕಲ್ಲಿನಲ್ಲಿ ಉಳಿದಿವೆ. ಈ ಮೂರು ಸಾಕ್ಷ್ಯಗಳನ್ನು ತರಗತಿಯಲ್ಲಿ ಎದುರುಬದುರು ಇಡಲು ಒಂದು ಅವಧಿ ಸಾಕು. ಅದರಿಂದ ವಿದ್ಯಾರ್ಥಿಯು ಪಡೆಯುವ ವಿವೇಕವು ಹತ್ತು ಬಿರುದುಗಳ ಕಂಠಪಾಠದಿಂದ ದೊರೆಯದು.

ಇನ್ನೊಂದು ಉದಾಹರಣೆ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದುದರಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂಬ ಕಥೆ ಜನಜನಿತವಾಗಿದೆ. ವೀರಬಲ್ಲಾಳನ ಆಳ್ವಿಕೆ 1173ರಿಂದ 1220ರವರೆಗೆ. ಬೆಂಗಳೂರಿಗೆ ಸೇರಿದ ಬೇಗೂರಿನ ದೇವಾಲಯದಲ್ಲಿರುವ ಗಂಗರ ಕಾಲದ ಶಾಸನವೊಂದು 'ಬೆಂಗಳೂರು ಕಾಳಗ'ವನ್ನು ಹೆಸರಿಸುತ್ತದೆ. ಅದರ ಕಾಲ ಸುಮಾರು ಕ್ರಿ.ಶ. 900. ಅರಸನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಹೆಸರು ಇದ್ದಿತು! ಕಥೆಯನ್ನು ಕಥೆಯಾಗಿ ಸವಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಕಥೆಗೂ ಇತಿಹಾಸಕ್ಕೂ ಇರುವ ಅಂತರವನ್ನು ಸಾಮಾನ್ಯ ವ್ಯವಕಲನದಿಂದಲೇ ವಿದ್ಯಾರ್ಥಿಯು ಕಂಡುಕೊಳ್ಳಬಲ್ಲನು.

ಹಲ್ಮಿಡಿ ಶಾಸನದ ವಿಷಯವೂ ಇಂಥದೇ. ಕ್ರಿ.ಶ. 450 ಎಂಬುದು ಪರೀಕ್ಷೆಯ ಒಂದು ಅಂಕದ ಉತ್ತರವಾಗಿ ಪರಿಣಮಿಸಿದೆ. ಶಾಸನದಲ್ಲಿಯೇ ಕಾಲದ ಉಲ್ಲೇಖವಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳು, ಇವುಗಳ ಮೇಲಿಂದ ವಿದ್ವಾಂಸರು ಊಹಿಸಿದ ಕಾಲವಿದು. 'ಸುಮಾರು' ಎಂಬ ಪದವನ್ನು ಬಿಟ್ಟು ಬೋಧಿಸಿದರೆ ನಾವು ಬೋಧಿಸಿದುದು ಒಂದು ಸಂಖ್ಯೆಯನ್ನು, ಇತಿಹಾಸವನ್ನಲ್ಲ.

ಇಷ್ಟು ಚಿಕ್ಕ ಮಕ್ಕಳಿಗೆ ಸಾಕ್ಷ್ಯವಿಚಾರವು ಭಾರವಾಗದೆ ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಆತಕೂರಿನ ಕಲ್ಲೇ ಉತ್ತರ ಹೇಳೀತು. ಮಂಡ್ಯ ಜಿಲ್ಲೆಯ ಈ ಊರಿನ ಕ್ರಿ.ಶ. 949–50ರ ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನು ಅದು ತಿಳಿಸುತ್ತದೆ. ಆ ಯುದ್ಧದಲ್ಲಿ ಹೋರಾಡಿದ ಮಣಲೆರನೆಂಬ ವೀರನು ಗಂಗ ಬೂತುಗನಿಂದ ಬಹುಮಾನವಾಗಿ ಬೇಡಿದುದು 'ಕಾಳಿ' ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಸಾಮ್ರಾಜ್ಯಗಳ ಯುದ್ಧವೂ ಒಂದು ನಾಯಿಯ ಸಾವೂ ಒಂದೇ ಶಿಲೆಯಲ್ಲಿವೆ. ಇದು ಭಾರವಾಗುವುದೆಂದು ಮಕ್ಕಳ ಮನಸ್ಸನ್ನು ಬಲ್ಲವರಾರೂ ಹೇಳಲಾರರು. ಅಧ್ಯಾಪಕರಿಗೆ ಸಮಯವಿಲ್ಲ, ಪರೀಕ್ಷೆಯ ಒತ್ತಡವಿದೆ ಎಂಬ ಆಕ್ಷೇಪ ಇದಕ್ಕಿಂತ ಗುರುತರವಾದುದು. ಪ್ರಶ್ನಪತ್ರಿಕೆಯು ಹೆಸರು ಇಸವಿಗಳನ್ನೇ ಕೇಳುವವರೆಗೆ ಅಧ್ಯಾಪಕರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಈ ಕ್ರಮದಿಂದ ಇನ್ನೊಂದು ಪ್ರಯೋಜನವೂ ಉಂಟು. ಇಂದಿನ ರಾಜ್ಯವು 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿದ್ದ ಪ್ರದೇಶಗಳಿಂದ ಕೂಡಿ ಬಂದುದು. 1973ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಬೀದರಿನ ವಿದ್ಯಾರ್ಥಿಗೂ ಮಡಿಕೇರಿಯ ವಿದ್ಯಾರ್ಥಿಗೂ ಸಮಾನವಾಗಿ ತಮ್ಮದೆನಿಸುವ ಇತಿಹಾಸವನ್ನು ಒಂದೇ ಪುಸ್ತಕದಲ್ಲಿ ಅಡಕಗೊಳಿಸುವುದು ಸುಲಭವಲ್ಲ. ಆದರೆ ಪ್ರತಿಯೊಂದು ಶಾಲೆಯೂ ತನ್ನ ಸಮೀಪದ ವೀರಗಲ್ಲಿನಿಂದಲೋ ದಾನಶಾಸನದಿಂದಲೋ ಕೋಟೆಯಿಂದಲೋ ಪಾಠವನ್ನು ಆರಂಭಿಸಿದರೆ, ಊರಿನಿಂದ ನಾಡಿಗೆ ಹೋಗುವ ದಾರಿ ತಾನಾಗಿ ತೆರೆಯುತ್ತದೆ.

ಇಲ್ಲಿ ನಮ್ಮ ಹೊಣೆಯೂ ಇದೆ. ಬಿ. ಎಲ್. ರೈಸರು ಶಾಸನ ಸಂಪುಟಗಳ ಪ್ರಕಟಣೆಯನ್ನು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದರು. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷಗಳ ಪರಿಶ್ರಮದ ಫಲ ನಮ್ಮ ಗ್ರಂಥಾಲಯಗಳಲ್ಲಿದೆ. ಆದರೆ ಹಳ್ಳಿಯ ಅಧ್ಯಾಪಕರಿಗೆ ಆ ಸಂಪುಟಗಳು ಸುಲಭವಾಗಿ ದೊರೆಯವು. ದೊರೆತರೂ ಹಳಗನ್ನಡದ ಸಾಲುಗಳು ಬಿಡಿಸಲಾಗದ ಒಗಟಾಗಿ ಉಳಿಯುತ್ತವೆ. ಪ್ರತಿಯೊಂದು ತಾಲ್ಲೂಕಿನಿಂದ ನಾಲ್ಕೈದು ಶಾಸನಗಳನ್ನು ಆರಿಸಿ, ಹೊಸಗನ್ನಡದ ಅರ್ಥದೊಡನೆ ಕಿರುಹೊತ್ತಗೆಯಾಗಿ ಶಾಲೆಗಳಿಗೆ ತಲಪಿಸುವುದು ವಿಶ್ವವಿದ್ಯಾನಿಲಯದ ವಿಭಾಗಗಳಿಗೂ ಕಾಲೇಜುಗಳಿಗೂ ಅಸಾಧ್ಯವಾದ ಕಾರ್ಯವಲ್ಲ. ಪಠ್ಯಪುಸ್ತಕಗಳು ಸರ್ಕಾರದೊಡನೆ ಬದಲಾಗಬಹುದು. ಈ ಮಾತಿಗೆ ಆಧಾರವೇನು ಎಂದು ಕೇಳಲು ಕಲಿತ ವಿದ್ಯಾರ್ಥಿಯನ್ನು ಯಾವ ಪುಸ್ತಕವೂ ಸುಲಭವಾಗಿ ದಾರಿ ತಪ್ಪಿಸಲಾರದು.