ಪ್ರಸಂಗದ ಸ್ವಾರಸ್ಯ ಮತ್ತು ಪಠ್ಯನಿಷ್ಠೆ: ಸಮಾರ್ಯದವನ ಸಾಮ್ಯವನ್ನು ಬೋಧಿಸುವ ಬಗೆ

ಕನ್ನಡ ಪ್ರಾಟೆಸ್ಟಂಟ್ ಸಭೆಗಳಲ್ಲಿ ಭಾನುವಾರದ ಬೋಧನೆಗೆ ‘ಪ್ರಸಂಗ’ವೆಂಬ ಹೆಸರು ರೂಢಿಯಲ್ಲಿದೆ. ಕರಾವಳಿಯಲ್ಲಿ ಇದೇ ಪದ ಯಕ್ಷಗಾನದ ಪದ್ಯಕೃತಿಗೂ ಸಲ್ಲುತ್ತದೆ. ತಾಳಮದ್ದಳೆಯಲ್ಲಿ ಪದ್ಯವು ನಿಶ್ಚಿತ, ಅರ್ಥವು ಆಶು. ಅರ್ಥಧಾರಿಯು ಎಷ್ಟು ದೂರ ವಿಹರಿಸಿದರೂ ಭಾಗವತರ ಮುಂದಿನ ಪದ್ಯಕ್ಕೆ ಮರಳಲೇಬೇಕು. ಮರಳದಿದ್ದರೆ ಪದ್ಯ ಬಲ್ಲ ಶ್ರೋತೃಗಳು ಅದನ್ನು ಕೂಡಲೇ ಗುರುತಿಸುತ್ತಾರೆ. ಈ ಎರಡು ಬಳಕೆಗಳ ನಡುವೆ ಚಾರಿತ್ರಿಕ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ನಿಶ್ಚಿತವಾದ ಪಠ್ಯ ಮತ್ತು ಸ್ವತಂತ್ರವಾದ ಮಾತು ಇವುಗಳ ಸಂಬಂಧವೇ ಎರಡೂ ಕಡೆ ಮುಖ್ಯ ಪ್ರಶ್ನೆಯಾಗಿದೆ.

ಸ್ವಾರಸ್ಯವು ಕೇಳುಗನ ಸಲುವಾಗಿ, ನಿಷ್ಠೆಯು ಗ್ರಂಥದ ಸಲುವಾಗಿ. ಎರಡನ್ನೂ ಹದವರಿತು ಬೆರೆಸಬೇಕು ಎಂಬ ಅಭಿಪ್ರಾಯ ಬೋಧಕರಲ್ಲಿ ಸಾಮಾನ್ಯವಾಗಿದೆ. ಈ ವಿಂಗಡಣೆಯೇ ಸರಿಯಲ್ಲವೆಂದು ನಮ್ಮ ಭಾವನೆ. ಪಠ್ಯದ ಒಳಗಿನ ತೊಡಕಿನಿಂದ ಹುಟ್ಟಿದ ಸ್ವಾರಸ್ಯವೇ ನಿಷ್ಠೆಯೂ ಆಗುತ್ತದೆ. ಹೊರಗಿನಿಂದ ತಂದ ಸ್ವಾರಸ್ಯವು ಎಷ್ಟೇ ಸದುದ್ದೇಶದ್ದಾದರೂ ಪಠ್ಯದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಇದನ್ನು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಸಾಮ್ಯದ ಮೂಲಕ ಪರಿಶೀಲಿಸಬಹುದು. ಅತಿ ಹೆಚ್ಚು ಬೋಧಿಸಲ್ಪಡುವ ಸಾಮ್ಯಗಳಲ್ಲಿ ಇದೂ ಒಂದು.

ಧರ್ಮಶಾಸ್ತ್ರಜ್ಞನೊಬ್ಬನು ಯೇಸುವನ್ನು ಪರೀಕ್ಷಿಸಲೆಂದು ನಿತ್ಯಜೀವದ ದಾರಿಯನ್ನು ಕೇಳುತ್ತಾನೆ. ಧರ್ಮಶಾಸ್ತ್ರದಲ್ಲಿ ಏನಿದೆಯೆಂದು ಯೇಸು ಮರಳಿ ಕೇಳಿದಾಗ ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕೆಂಬ ಆಜ್ಞೆಗಳನ್ನು ಅವನೇ ಹೇಳುತ್ತಾನೆ. ಅನಂತರ ನೆರೆಯವನೆಂದರೆ ಯಾರು ಎಂದು ಕೇಳುತ್ತಾನೆ. ಇದು ಎಲ್ಲೆಯನ್ನು ಕುರಿತ ಪ್ರಶ್ನೆ. ಪ್ರೀತಿಸಬೇಕಾದವರ ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಅದರ ತಾತ್ಪರ್ಯ. ಕಥೆ ಮುಗಿದ ಮೇಲೆ ಯೇಸು ಕೇಳುವ ಪ್ರಶ್ನೆ ಬೇರೆಯಾಗಿದೆ. ಗಾಯಗೊಂಡವನಿಗೆ ಮೂವರಲ್ಲಿ ಯಾರು ನೆರೆಯವನಾದರು ಎಂದು ಅವನು ಕೇಳುತ್ತಾನೆ. ಪ್ರಶ್ನೆಯು ಕೇಳಿದವನನ್ನು ರಸ್ತೆಯ ಬದಿಯಲ್ಲಿ ಬಿದ್ದವನ ಪಕ್ಕದಲ್ಲಿ ಮಲಗಿಸಿ ಅಲ್ಲಿಂದ ಮೇಲಕ್ಕೆ ನೋಡುವಂತೆ ಮಾಡುತ್ತದೆ. ಈ ತಿರುವೇ ಸಾಮ್ಯದ ಪ್ರಾಣ.

ಈ ಪ್ರಾಣವನ್ನು ಬಿಟ್ಟುಕೊಟ್ಟ ವ್ಯಾಖ್ಯಾನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸಂತ ಆಗಸ್ಟೀನನದು. ಅವನ ಪ್ರಕಾರ ದಾರಿಗನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರವು ಸಭೆ, ಛತ್ರದವನು ಅಪೊಸ್ತಲ ಪೌಲ. ಜರ್ಮನ್ ವಿದ್ವಾಂಸ ಆಡಾಲ್ಫ್ ಯೂಲಿಖರ್ ತನ್ನ ಕೃತಿಯಲ್ಲಿ ಇಂಥ ರೂಪಕಾನ್ವಯವನ್ನು ನಿರಾಕರಿಸಿದನು. ವೆಲ್ಷ್ ವಿದ್ವಾಂಸ ಸಿ. ಎಚ್. ಡಾಡ್ 1935ರ ತನ್ನ ಗ್ರಂಥದ ಆರಂಭದಲ್ಲಿಯೇ ಆಗಸ್ಟೀನನ ಈ ವ್ಯಾಖ್ಯಾನವನ್ನು ಉದಾಹರಣೆಯಾಗಿ ಇಟ್ಟನು. ಅಲ್ಲಿಂದೀಚೆಗೆ ಆಗಸ್ಟೀನನನ್ನು ನೋಡಿ ನಗುವುದು ಸುಲಭವಾಗಿದೆ. ನಾವು ಅಷ್ಟು ಬೇಗ ನಗಲಾರೆವು. ಅವನ ವ್ಯಾಖ್ಯಾನದಲ್ಲಿ ಕೇಳುಗನು ಗಾಯಗೊಂಡವನ ಸ್ಥಾನದಲ್ಲಿದ್ದಾನೆ. ಕೇಳುಗನನ್ನು ನೇರವಾಗಿ ಸಮಾರ್ಯದವನ ವಾಹನದ ಮೇಲೆ ಕೂರಿಸಿ ‘ನೀವೂ ಹೀಗೆ ಉಪಕಾರಿಗಳಾಗಿರಿ’ ಎನ್ನುವ ಇಂದಿನ ನೀತಿಬೋಧೆಗಿಂತ ಅದು ಪಠ್ಯಕ್ಕೆ ಹತ್ತಿರವಾಗಿದೆ. ಆದರೆ ಛತ್ರದವನು ಪೌಲನಾದ ಕ್ಷಣದಲ್ಲಿ ಶಾಸ್ತ್ರಜ್ಞನ ಪ್ರಶ್ನೆ ಮರೆತುಹೋಗುತ್ತದೆ. ಒಗಟು ಬಿಡಿಸಿದ ಸಂತೋಷ ಕೇಳುಗನಿಗೆ ದೊರೆಯುತ್ತದೆಯೇ ಹೊರತು ಸಾಮ್ಯ ಕೇಳಿದ ಅನುಭವ ದೊರೆಯುವುದಿಲ್ಲ.

ಕನ್ನಡ ಬೋಧಕರ ಆಕರ್ಷಣೆ ಬೇರೆ ಬಗೆಯದು. ಯಾಜಕನು ಗಾಯಾಳುವನ್ನು ಮುಟ್ಟದೆ ಹೋದುದಕ್ಕೆ ಮಡಿ-ಮೈಲಿಗೆಯೇ ಕಾರಣವೆಂದು, ಹೆಣ ಮುಟ್ಟಿದರೆ ದೇವಾಲಯದ ಸೇವೆಗೆ ಅನರ್ಹನಾಗುತ್ತಾನೆಂದು ವಿವರಿಸುವ ಪ್ರಸಂಗಗಳನ್ನು ನಾವು ಹಲವು ಬಾರಿ ಕೇಳಿದ್ದೇವೆ. ನಮ್ಮ ಸಮಾಜಕ್ಕೆ ಇದು ತಟ್ಟನೆ ಅರ್ಥವಾಗುತ್ತದೆ; ಸಭೆ ತಲೆದೂಗುತ್ತದೆ. ಯಾಜಕರ ಶವಸ್ಪರ್ಶಕ್ಕೆ ಯಾಜಕಕಾಂಡದಲ್ಲಿ ನಿರ್ಬಂಧವಿರುವುದೂ ನಿಜ. ಆದರೆ ಲೂಕನು ಯಾವ ಕಾರಣವನ್ನೂ ಕೊಟ್ಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾಜಕನೂ ಆ ದಾರಿಯಲ್ಲಿ ಇಳಿದು ಬರುತ್ತಿದ್ದನೆಂದು ಪಠ್ಯ ಹೇಳುತ್ತದೆ. ಯೆರೂಸಲೇಮಿನಿಂದ ಯೆರಿಕೋವಿಗೆ ದಾರಿಯು ಸುಮಾರು ಸಾವಿರ ಮೀಟರು ಇಳಿಯುತ್ತದೆ. ಇಳಿಯುತ್ತಿರುವವನು ದೇವಾಲಯಕ್ಕೆ ಬೆನ್ನು ಮಾಡಿದ್ದಾನೆ. ಅವನು ಸೇವೆಗೆ ಹೋಗುತ್ತಿಲ್ಲ. ಒಂದು ಕ್ರಿಯಾಪದವನ್ನು ಗಮನಿಸದ ಕಾರಣ ಬೋಧಕರು ಯಾಜಕನಿಗೆ ಅವನೇ ಹೇಳದ ನೆಪವೊಂದನ್ನು ಒದಗಿಸಿಕೊಡುತ್ತಾರೆ. ಪರಿಣಾಮವು ಸಣ್ಣದಲ್ಲ. ದೋಷವು ಯೆಹೂದ್ಯರ ಆಚಾರಕ್ಕೆ, ಅದರ ಮರೆಯಲ್ಲಿ ನಮ್ಮ ಊರಿನ ಪುರೋಹಿತರಿಗೆ ವರ್ಗವಾಗುತ್ತದೆ. ಪೀಠದಲ್ಲಿ ಕುಳಿತವರು ನಿರಾಳವಾಗಿ ಮನೆಗೆ ಹೋಗುತ್ತಾರೆ. ಕಾರಣ ಹೇಳದ ಯಾಜಕನು ಹೆಚ್ಚು ಭಯಂಕರ, ಏಕೆಂದರೆ ಅವನು ಯಾರೂ ಆಗಿರಬಹುದು.

ಇನ್ನೊಂದು ರೂಢಿ ರಸ್ತೆ ಅಪಘಾತದ ದೃಷ್ಟಾಂತ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅಪಘಾತಕ್ಕೀಡಾದವರಿಗೆ ನೆರವಾಗುವವನನ್ನು ‘ಗುಡ್ ಸಮಾರಿಟನ್’ ಎಂಬ ಹೆಸರಿನಿಂದಲೇ ರಕ್ಷಿಸುತ್ತದೆ. ಕಾಯ್ದೆ ಒಳ್ಳೆಯದು. ಆದರೆ ‘ಒಳ್ಳೆಯ’ ಎಂಬ ವಿಶೇಷಣ ಪಠ್ಯದಲ್ಲಿಲ್ಲ.

ಹಾಗಾದರೆ ಪಠ್ಯವನ್ನು ವಿಸ್ತರಿಸಲೇಬಾರದೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ನಮ್ಮ ಪರಿಚಿತ ಕ್ಷೇತ್ರದ ಒಂದು ಕೃತಿ ನೆರವಿಗೆ ಬರುತ್ತದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಒಂದೊಂದು ಪ್ರಾಕೃತ ಗಾಹೆಯಿಂದ ಮೊದಲಾಗುತ್ತವೆ. ಸುಕುಮಾರಸ್ವಾಮಿಯ ಕಥೆಯ ಗಾಹೆಯು, ನರಿಯೊಂದು ಮೂರು ರಾತ್ರಿ ತಿನ್ನುತ್ತಿದ್ದರೂ ಅವನು ಆ ಘೋರ ವೇದನೆಯನ್ನು ಸಹಿಸಿ ಸಿದ್ಧಿ ಪಡೆದನೆಂದಷ್ಟೇ ಹೇಳುತ್ತದೆ. ಕನ್ನಡ ಗದ್ಯವು ಅನೇಕ ಜನ್ಮಗಳಿಗೆ ಹಬ್ಬುತ್ತದೆ. ಗಾಹೆಯ ನೂರಾರು ಪಟ್ಟು ಬೆಳೆಯುತ್ತದೆ. ಆದರೂ ಅದು ದಾರಿ ತಪ್ಪಿತೆಂದು ಓದುಗನಿಗೆ ಅನ್ನಿಸುವುದಿಲ್ಲ. ನರಿಯೇ ಏಕೆ, ಪಾದದಿಂದಲೇ ತಿನ್ನುವುದೇಕೆ ಎಂಬ ಪ್ರಶ್ನೆಗೆ ಕಥೆಯು ಉತ್ತರಿಸುತ್ತದೆ: ಪೂರ್ವಜನ್ಮದಲ್ಲಿ ಅವನು ಅತ್ತಿಗೆಯನ್ನು ಒದೆದಿದ್ದನು, ಆ ಕಾಲನ್ನು ತಿನ್ನುವೆನೆಂದು ಅವಳು ಸಂಕಲ್ಪಿಸಿದ್ದಳು. ಗಾಹೆಯೊಳಗಿನ ನರಿಯೇ ಕಥೆಯನ್ನು ಹೊರಡಿಸಿದೆ. ಜೈನರ ಕರ್ಮತತ್ತ್ವವನ್ನು ಕ್ರೈಸ್ತ ಬೋಧನೆಗೆ ತರಬೇಕೆಂದು ಇದರ ಅರ್ಥವಲ್ಲ. ನಮಗೆ ಬೇಕಾದುದು ವಿಸ್ತರಣೆಯ ಈ ವಿಧಾನ ಮಾತ್ರ.

ಅದೇ ವಿಧಾನದಿಂದ ಸಾಮ್ಯವನ್ನು ನೋಡಿದರೆ, ಸಮಾರ್ಯದವನೇ ಏಕೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ಹಿಂದಿನ ಅಧ್ಯಾಯದಲ್ಲಿಯೇ ಸಮಾರ್ಯದ ಹಳ್ಳಿಯೊಂದು ಯೇಸುವಿಗೆ ತಂಗಲು ಎಡೆ ಕೊಡಲಿಲ್ಲ. ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ತರಿಸಿ ಅದನ್ನು ಸುಡಿಸೋಣವೇ ಎಂದು ಕೇಳಿ ಗದರಿಸಿಕೊಂಡರು. ಆ ಶಿಷ್ಯರೂ ಈ ಕಥೆಯನ್ನು ಕೇಳಿದರೆಂದು ಭಾವಿಸಲು ಅಡ್ಡಿಯಿಲ್ಲ. ಸಮಾರ್ಯದವರಿಗೆ ಗೆರಿಜೀಮ್ ಬೆಟ್ಟವೇ ಪವಿತ್ರ. ಅಲ್ಲಿದ್ದ ಅವರ ದೇವಾಲಯವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯರ ಅರಸ ಯೋಹಾನ ಹಿರ್ಕಾನನು ಕೆಡವಿದನು. ಮೋಶೆಯ ಐದು ಗ್ರಂಥಗಳನ್ನು ಮಾತ್ರ ಅವರು ಒಪ್ಪುತ್ತಾರೆ. ಶಾಸ್ತ್ರಜ್ಞನು ಉದ್ಧರಿಸಿದ ಆಜ್ಞೆಗಳೆರಡೂ, ಧರ್ಮೋಪದೇಶಕಾಂಡ ಮತ್ತು ಯಾಜಕಕಾಂಡದವು, ಈ ಐದರಲ್ಲಿಯೇ ಇವೆ. ಅಂದರೆ ರಸ್ತೆಯಲ್ಲಿ ನಿಂತ ಆ ದ್ವೇಷಿತನ ಕೈಯಲ್ಲಿರುವುದೂ ಅದೇ ಶಾಸ್ತ್ರ. ಇಷ್ಟನ್ನು ಹೇಳಲು ಒಂದು ಹೊರಗಿನ ಕಥೆಯೂ ಬೇಕಾಗಿಲ್ಲ. ಸಭೆಯವರು ತೂಕಡಿಸುವರೆಂಬ ಭಯಕ್ಕೂ ಕಾರಣವಿಲ್ಲ.

ಭಾಷೆಯ ವಿಚಾರದಲ್ಲಿ ಹೊರನಾಡಿನ ಸಭೆಗಳಿಗೆ ಒಂದು ವಿಶೇಷ ಕಷ್ಟವೂ ಅನುಕೂಲವೂ ಇದೆ. ‘ನೆರೆಯವನು’ ಎಂಬುದು ಮೂಲ ಗ್ರೀಕಿನ ಪದದಂತೆಯೇ ಸಾಮೀಪ್ಯವನ್ನು ಸೂಚಿಸುತ್ತದೆ. ಆದರೆ ಕೇರಿ ಕೇರಿಗಳಾಗಿ ಹಂಚಿಹೋದ ನಮ್ಮ ಹಳ್ಳಿಗಳಲ್ಲಿ ನೆರೆಯವರಾರೆಂಬುದನ್ನು ಬಹುಮಟ್ಟಿಗೆ ಜಾತಿ ಮೊದಲೇ ನಿರ್ಧರಿಸಿರುತ್ತದೆ. ಶಾಸ್ತ್ರಜ್ಞನು ಕೇಳಿದ ಎಲ್ಲೆಯು ನಮ್ಮ ಪದದೊಳಗೇ ಇದೆ. ಮುಂಬಯಿ, ಹೈದರಾಬಾದುಗಳಲ್ಲಿ ಬೆಳೆದ ಮಕ್ಕಳಿಗೆ ಈ ಪದ ಪುಸ್ತಕದ ಕನ್ನಡವೆನಿಸುತ್ತದೆಂದು ಅದನ್ನು ಬಿಟ್ಟು ಇಂಗ್ಲಿಷ್ ಅಥವಾ ಹಿಂದಿಯ ಪದವನ್ನು ಬಳಸುವ ಬೋಧಕರಿದ್ದಾರೆ. ಬಿಡುವ ಬದಲು ಬಿಡಿಸಿ ಹೇಳಬಹುದಿತ್ತು. ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿ ಬದುಕಿದವರ ಮುಂದೆ ‘ನೆರೆ’ಯನ್ನು ವಿವರಿಸುವುದು ಕಷ್ಟವಾಗದು.

ಕೊನೆಯಲ್ಲಿ ಶಾಸ್ತ್ರಜ್ಞನು ಕೊಡುವ ಉತ್ತರವನ್ನು ಹೆಚ್ಚಿನ ಪ್ರಸಂಗಗಳು ಓದಿ ದಾಟಿಬಿಡುತ್ತವೆ. ಅವನು ‘ಸಮಾರ್ಯದವನು’ ಎನ್ನುವುದಿಲ್ಲ. ದಯೆ ತೋರಿದವನೆಂದು ಮಾತ್ರ ಹೇಳುತ್ತಾನೆ. ಆ ಹೆಸರು ಅವನ ಬಾಯಿಗೆ ಬರಲಿಲ್ಲವೋ ಎನ್ನುವಂತಿದೆ. ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ಕನ್ನಡ ಸಭೆಯಲ್ಲಿ ವೃದ್ಧ ಬೋಧಕರೊಬ್ಬರು ಈ ವಾಕ್ಯವನ್ನು ಎರಡು ಸಲ ಓದಿ, ಪುಸ್ತಕವನ್ನು ಮುಚ್ಚದೆ, ‘ಇವನು ಹೆಸರು ಹೇಳಲಿಲ್ಲ, ನಮಗೆ ಹೇಳಲಾಗದ ಹೆಸರು ಯಾವುದು?’ ಎಂದು ಕೇಳಿ ಸುಮ್ಮನೆ ನಿಂತರು. ಅವರು ಯಾವ ದೃಷ್ಟಾಂತವನ್ನೂ ಕೊಡಲಿಲ್ಲ. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.