ಒಂದು ನಾಮಪದ, ಮೂರು ಕ್ರಿಯಾಪದಗಳು: ‘ಅನಾಟಮಿ ಆಫ್ ಎ ಫಾಲ್’ ಚಿತ್ರದಲ್ಲಿ ಸಾಕ್ಷ್ಯದ ನುಡಿ

1. ಪ್ರವೇಶ

ಜಸ್ಟಿನ್ ತ್ರಿಯೆ ನಿರ್ದೇಶಿಸಿದ ಫ್ರೆಂಚ್ ಚಲನಚಿತ್ರ ‘ಅನಾಟಮಿ ಆಫ್ ಎ ಫಾಲ್’ 2023ರ ಕಾನ್ ಚಲನಚಿತ್ರೋತ್ಸವದಲ್ಲಿ ಪಾಮ್ ದೋರ್ ಪ್ರಶಸ್ತಿಯನ್ನು ಪಡೆಯಿತು. ತ್ರಿಯೆ ಮತ್ತು ಆರ್ತರ್ ಹರಾರಿ ಜೊತೆಗೂಡಿ ಬರೆದ ಅದರ ಚಿತ್ರಕಥೆಗೆ 2024ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಕಥೆ ಸರಳವಾದುದು. ಗ್ರೆನೋಬ್ಲ್ ಬಳಿಯ ಹಿಮಪರ್ವತದ ಮನೆಯೊಂದರ ಮುಂದೆ ಸ್ಯಾಮ್ಯುಯೆಲ್ ಎಂಬಾತ ಸತ್ತು ಬಿದ್ದಿರುತ್ತಾನೆ. ನಾಯಿಯೊಡನೆ ಅಡ್ಡಾಡಿ ಮರಳಿದ ಮಗ ಡೇನಿಯಲ್ ಅವನನ್ನು ಮೊದಲು ಕಾಣುತ್ತಾನೆ; ಹನ್ನೊಂದು ವರ್ಷದ ಈ ಹುಡುಗನಿಗೆ ದೃಷ್ಟಿ ಬಹಳ ಮಂದ. ಸಾವಿನ ಹೊತ್ತಿನಲ್ಲಿ ಮನೆಯೊಳಗೆ ಇದ್ದವಳು ಹೆಂಡತಿ ಸಾಂಡ್ರಾ ಒಬ್ಬಳೇ. ಜರ್ಮನ್ ಮೂಲದ ಕಾದಂಬರಿಕಾರ್ತಿಯಾದ ಅವಳ ಮೇಲೆ ಕೊಲೆಯ ಆರೋಪ ಬರುತ್ತದೆ. ಕೊನೆಗೆ ಅವಳು ಬಿಡುಗಡೆಯಾಗುತ್ತಾಳೆ.

ಚಿತ್ರವನ್ನು ಕುರಿತ ಚರ್ಚೆ ಬಹುಮಟ್ಟಿಗೆ ‘ಅವಳು ಕೊಂದಳೇ, ಇಲ್ಲವೇ’ ಎಂಬ ಪ್ರಶ್ನೆಯ ಸುತ್ತ ನಡೆದಿದೆ. ನಮ್ಮ ಪ್ರಶ್ನೆ ಬೇರೆ. ಒಂದು ಕುಟುಂಬದ ಒಳಗಿನ ಮಾತು ನ್ಯಾಯಾಲಯದ ಪಠ್ಯವಾಗುವ ದಾರಿಯಲ್ಲಿ ಅದಕ್ಕೆ ಏನಾಗುತ್ತದೆ? ಈ ಲೇಖನವನ್ನು ನಾವು ಬರೆಯುತ್ತಿರುವುದು ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಿ. ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿರುವ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆ-ಕಚೇರಿಗಳಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಕೇಳಿಬರುತ್ತವೆ. ಮನೆಯ ನುಡಿ ಒಂದು, ಕಟಕಟೆಯ ನುಡಿ ಇನ್ನೊಂದು ಎಂಬುದು ಇಲ್ಲಿ ದಿನನಿತ್ಯದ ಸಂಗತಿ. ಆದುದರಿಂದ ಈ ಚಿತ್ರ ದೂರದ ದೇಶದ್ದಾದರೂ ಅದರ ಸಮಸ್ಯೆ ನಮಗೆ ದೂರದ್ದಲ್ಲ.

ನಮ್ಮ ವಾದ ಇಷ್ಟು: ನಡೆದ ಘಟನೆಗೆ ಕರ್ತೃವನ್ನು ಒದಗಿಸುವ ಕೆಲಸವನ್ನು ಪುರಾವೆಗಿಂತ ಮೊದಲು ವ್ಯಾಕರಣ ಮಾಡಿಬಿಡುತ್ತದೆ. ಚಿತ್ರ ಇದನ್ನು ಸೂಕ್ಷ್ಮವಾಗಿ ತೋರಿಸುತ್ತದೆ; ಆದರೆ ಒಂದು ಮುಖ್ಯ ಜಾಗದಲ್ಲಿ ಅದನ್ನು ಮರೆಮಾಚುತ್ತದೆ ಕೂಡ.

2. ‘ಪತನ’ದ ವ್ಯಾಕರಣ

ಚಿತ್ರದ ಫ್ರೆಂಚ್ ಶೀರ್ಷಿಕೆಯಲ್ಲಿರುವ ‘ಶ್ಯೂತ್’ ಒಂದು ನಾಮಪದ. ಕನ್ನಡದ ‘ಪತನ’ದಂತೆ ಅದೂ ಕರ್ತೃವನ್ನು ಹೇಳದೆ ಉಳಿಯಬಲ್ಲದು. ಆದರೆ ತೀರ್ಪಿಗೆ ನಾಮಪದ ಸಾಲದು, ಕ್ರಿಯಾಪದ ಬೇಕು. ಅವನು ಬಿದ್ದನೇ, ಹಾರಿದನೇ, ಇಲ್ಲವೇ ಅವಳು ತಳ್ಳಿದಳೇ? ಮೊದಲನೆಯದರಲ್ಲಿ ವ್ಯಾಕರಣದ ಕರ್ತೃವಿದ್ದಾನೆ, ಆದರೆ ಅವನಿಗೆ ಇಚ್ಛೆಯಿಲ್ಲ. ಎರಡನೆಯದರಲ್ಲಿ ಇಚ್ಛೆಯಿದೆ. ಮೂರನೆಯದರಲ್ಲಿ ಸತ್ತವನು ಕರ್ಮವಾಗುತ್ತಾನೆ. ಆಕಸ್ಮಿಕವಾಗಿ ಬಿದ್ದನೆಂದರೆ ಯಾರೂ ನಂಬುವುದಿಲ್ಲವೆಂದು ಸಾಂಡ್ರಾಳ ವಕೀಲ ವಿನ್ಸೆಂಟ್ ಆರಂಭದಲ್ಲಿಯೇ ಅರಿಯುತ್ತಾನೆ. ಅಲ್ಲಿಗೆ ಉಳಿಯುವುದು ಎರಡೇ ಕ್ರಿಯಾಪದ. ರಕ್ತದ ಕಲೆಗಳನ್ನು ಮುಂದಿಟ್ಟು ವಾದಿಸುವ ಎರಡೂ ಕಡೆಯ ತಜ್ಞರು ವಾಸ್ತವವಾಗಿ ಒಂದೊಂದು ಕ್ರಿಯಾಪದದ ಪರ ವಾದಿಸುತ್ತಿದ್ದಾರೆ.

ಇದೇ ಘಟನೆಯನ್ನು ಕನ್ನಡದ ಸಾಕ್ಷಿಯೊಬ್ಬರು ಹೇಳಿದರೆ ಆಯ್ಕೆಗಳು ಇನ್ನೂ ಹೆಚ್ಚುತ್ತವೆ. ‘ಬಿದ್ದ’ ಎಂಬುದು ಬರಿಯ ವರದಿ. ‘ಬಿದ್ದುಬಿಟ್ಟ’ ಎಂದಾಗ ಅನಿರೀಕ್ಷಿತವೆಂಬ ಭಾವವೋ ಕೈಮೀರಿತೆಂಬ ಭಾವವೋ ಸೇರುತ್ತದೆ. ‘ಬಿದ್ದನಂತೆ’ ಎಂದರೆ ಹೇಳುವವರು ಕಣ್ಣಾರೆ ಕಂಡಿಲ್ಲ. ತೆಲುಗಿನ ‘ಪಡ್ಡಾಡಟ’ದಲ್ಲಿಯೂ ಇದೇ ಸೂಚನೆಯಿದೆ. ಫ್ರೆಂಚಿನಲ್ಲಿ ‘ಇಲ್ ಸೆರೆ ತೊಂಬೆ’ ಎಂಬ ಷರತ್ತಿನ ಕ್ರಿಯಾರೂಪವನ್ನು ಪತ್ರಿಕೆಗಳು ಈ ಅರ್ಥದಲ್ಲಿ ಬಳಸುತ್ತವೆ. ಇಂಗ್ಲಿಷಿಗೆ ಇಂಥ ವ್ಯಾಕರಣ ರೂಪವಿಲ್ಲ. ಬೇರೊಂದು ಉಪವಾಕ್ಯವನ್ನೇ ಸೇರಿಸಬೇಕು, ಇಲ್ಲದಿದ್ದರೆ ಕೇಳಿದ್ದು ಕಂಡದ್ದಾಗಿಬಿಡುತ್ತದೆ. ಕಂಡದ್ದನ್ನು ಕಂಡವರೇ ಹೇಳಬೇಕು, ಅವರಿವರಿಂದ ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷ್ಯವಾಗದು ಎಂಬುದು ಸಾಕ್ಷ್ಯ ಕಾನೂನಿನ ಮೂಲತತ್ತ್ವಗಳಲ್ಲೊಂದು. ಕಾನೂನು ಕೇಳುವ ಆ ಪ್ರಶ್ನೆಗೆ ದ್ರಾವಿಡ ನುಡಿಯೊಂದು ಎರಡಕ್ಷರದ ಪ್ರತ್ಯಯದಲ್ಲಿ ಉತ್ತರಿಸುತ್ತದೆ. ಅನುವಾದದಲ್ಲಿ ಮೊದಲು ಬಿಟ್ಟುಹೋಗುವುದೂ ಆ ಪ್ರತ್ಯಯವೇ.

3. ಸದ್ದಿಗೆ ಕರ್ತೃ ಯಾರು?

ಚಿತ್ರದ ನಡುಭಾಗದಲ್ಲಿ ನ್ಯಾಯಾಲಯವು ಒಂದು ಧ್ವನಿಮುದ್ರಿಕೆಯನ್ನು ಕೇಳುತ್ತದೆ. ಸಾಯುವ ಹಿಂದಿನ ದಿನ ಗಂಡಹೆಂಡಿರ ನಡುವೆ ನಡೆದ ಜಗಳವನ್ನು ಸ್ಯಾಮ್ಯುಯೆಲ್ ಗುಟ್ಟಾಗಿ ಮುದ್ರಿಸಿಕೊಂಡಿರುತ್ತಾನೆ. ದೃಶ್ಯ ನಮ್ಮನ್ನು ಮನೆಯೊಳಕ್ಕೆ ಕರೆದೊಯ್ಯುತ್ತದೆ. ಜಗಳ ಕೈಮಿಲಾಯಿಸುವ ಹಂತಕ್ಕೆ ಬಂದೊಡನೆ ಮತ್ತೆ ನ್ಯಾಯಾಲಯಕ್ಕೆ ತಂದು ನಿಲ್ಲಿಸುತ್ತದೆ. ಉಳಿಯುವುದು ಸದ್ದು ಮಾತ್ರ: ಗಾಜು ಒಡೆದದ್ದು, ಪೆಟ್ಟು ಬಿದ್ದದ್ದು.

ಸದ್ದಿಗೆ ಕರ್ತೃವಿಲ್ಲ. ಕನ್ನಡದಲ್ಲಿ ಇದನ್ನು ಹೇಳಲು ಸಿದ್ಧ ನುಡಿಗಟ್ಟೇ ಇದೆ. ‘ಏಟು ಬಿತ್ತು’ ಎನ್ನುತ್ತೇವೆ; ಯಾರಿಗೆ ಬಿತ್ತೆಂದು ಹೇಳಿಯೂ ಯಾರು ಹೊಡೆದರೆಂದು ಹೇಳದೆ ಇರಬಹುದು. ಅಲ್ಲಿಯೂ ಕ್ರಿಯಾಪದ ‘ಬೀಳು’ ಎಂಬುದೇ. ಸಾಂಡ್ರಾ ಒಂದೊಂದು ಸದ್ದಿಗೂ ಕರ್ತೃವನ್ನು ಹಂಚುತ್ತಾಳೆ: ಕೆನ್ನೆಗೆ ಹೊಡೆದದ್ದು, ಗಾಜು ಎಸೆದದ್ದು ತಾನು, ಉಳಿದದ್ದು ಅವನೇ ತನಗೆ ಹೊಡೆದುಕೊಂಡದ್ದು, ಗೋಡೆಗೆ ಗುದ್ದಿದ್ದು. ಅಭಿಯೋಜಕ ಅದೇ ಸದ್ದುಗಳನ್ನು ಬೇರೆಯಾಗಿ ಹಂಚುತ್ತಾನೆ. ಮುದ್ರಿಕೆ ಎಷ್ಟು ಸ್ಪಷ್ಟವಾಗಿದ್ದರೂ ಈ ಹಂಚಿಕೆ ಅದರೊಳಗೆ ಇಲ್ಲ. ಲಿಪ್ಯಂತರವೇ ಒಂದು ಸಿದ್ಧಾಂತವೆಂದು ಎಲಿನೋರ್ ಓಕ್ಸ್ 1979ರಲ್ಲಿ ವಾದಿಸಿದ್ದನ್ನು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಅದು ಮನುಷ್ಯರ ಬಾಳಿನಲ್ಲಿ ಏನನ್ನು ಅರ್ಥೈಸುತ್ತದೆಂಬುದನ್ನು ಈ ದೃಶ್ಯದಲ್ಲಿ ಕಾಣಬಹುದು.

4. ನಡುವಿನ ಭಾಷೆ

ಆ ಜಗಳದ ವಿಷಯಗಳಲ್ಲಿ ಒಂದು ಭಾಷೆಯೇ ಆಗಿರುವುದು ಗಮನಾರ್ಹ. ದಂಪತಿ ಮನೆಯಲ್ಲಿ ಆಡುವುದು ಇಂಗ್ಲಿಷನ್ನು. ನಾವಿರುವುದು ಫ್ರಾನ್ಸಿನಲ್ಲಿ, ಆದರೂ ನಿನ್ನ ಭಾಷೆಯನ್ನು ನಾವೆಲ್ಲ ಆಡಬೇಕಾಗಿದೆ ಎಂಬುದು ಸ್ಯಾಮ್ಯುಯೆಲ್‌ನ ಅಳಲು. ಇಂಗ್ಲಿಷ್ ತನ್ನ ತಾಯ್ನುಡಿಯೂ ಅಲ್ಲ, ಇಬ್ಬರೂ ಸಂಧಿಸುವ ನಡುವಿನ ಜಾಗ ಅದು ಎಂಬುದು ಸಾಂಡ್ರಾಳ ಉತ್ತರ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಮನೆಯೊಳಗೆ ಇಂಗ್ಲಿಷಿನಿಂದ ಬಲ ಪಡೆದವಳು ಕಟಕಟೆಯಲ್ಲಿ ಫ್ರೆಂಚಿನಿಂದ ಬಲ ಕಳೆದುಕೊಳ್ಳುತ್ತಾಳೆ. ತಡವರಿಕೆ, ಅನಿಶ್ಚಯದ ಪದಗಳು ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಕುಗ್ಗಿಸುತ್ತವೆಂದು ವಿಲಿಯಂ ಓ’ಬಾರ್ 1982ರ ತಮ್ಮ ಗ್ರಂಥದಲ್ಲಿ ತೋರಿಸಿದ್ದರು. ಪರನುಡಿಯಲ್ಲಿ ಪದ ಹುಡುಕುವವರ ತಡವರಿಕೆಯನ್ನು ಕೇಳುವವರು ಮನಸ್ಸಿನ ತಡವರಿಕೆಯೆಂದು ತಿಳಿಯುವ ಅಪಾಯ ಇಲ್ಲಿದೆ. ಅಲೀಸ್ ಜೊಪ್ ಅವರ ‘ಸೇಂತ್ ಓಮೆರ್’ (2022) ಚಿತ್ರದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಅಲ್ಲಿ ಸೆನೆಗಲ್ ಮೂಲದ ಆರೋಪಿಯ ಫ್ರೆಂಚ್ ಅತಿ ಪರಿಷ್ಕೃತವಾಗಿರುವುದೇ ಇತರರ ಬೆರಗಿಗೆ ಕಾರಣವಾಗುತ್ತದೆ. ಎಡವಿದರೂ ಕಷ್ಟ, ಎಡವದಿದ್ದರೂ ಕಷ್ಟ.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಫ್ರೆಂಚಿನಲ್ಲಿ ಮುಂದುವರಿಯಲಾಗದೆ ಸಾಂಡ್ರಾ ಇಂಗ್ಲಿಷಿಗೆ ಹೊರಳಿದಾಗ ನ್ಯಾಯಾಲಯ ಅದನ್ನು ಒಪ್ಪುತ್ತದೆ, ದುಭಾಷಿಯ ಧ್ವನಿ ಹಿನ್ನೆಲೆಗೆ ಸರಿಯುತ್ತದೆ, ನಾವು ನೇರವಾಗಿ ಅವಳ ಮಾತನ್ನೇ ಕೇಳತೊಡಗುತ್ತೇವೆ. ತೀರ್ಪು ಕೊಡುವವರಿಗೆ ತಲುಪಿದ್ದು ಅವಳ ಮಾತಲ್ಲ, ದುಭಾಷಿಯದು. ದುಭಾಷಿ ಸೇರಿಸುವ ಅಥವಾ ಬಿಡುವ ಒಂದು ವಿನಯಸೂಚಕ ಪದ ಕೂಡ ಸಾಕ್ಷಿಯ ಬಗೆಗಿನ ಅಭಿಪ್ರಾಯವನ್ನು ಬದಲಿಸುತ್ತದೆಂದು ಸೂಸನ್ ಬರ್ಕ್-ಸೆಲಿಗ್ಸನ್ 1990ರಲ್ಲಿಯೇ ತೋರಿಸಿದ್ದಾರೆ. ಭಾಷೆಯ ಬಗ್ಗೆ ಇಷ್ಟು ಎಚ್ಚರವಿರುವ ಚಿತ್ರ ಅತ್ಯಂತ ಪ್ರಭಾವಶಾಲಿಯಾದ ಆ ಮಧ್ಯವರ್ತಿಯನ್ನು ಪಾರದರ್ಶಕ ಗಾಜಿನಂತೆ ಕಾಣುತ್ತದೆ. ಅವಳು ಹೊರಳಿದ್ದು ಇಂಗ್ಲಿಷಿಗೆ ಎಂಬುದೂ ಮುಖ್ಯ. ಪ್ರತಿಷ್ಠೆಯಿರುವ ನುಡಿಗೆ ಹೊರಳುವ ಕಾದಂಬರಿಕಾರ್ತಿಗೂ ಲಂಬಾಣಿಗೆ ಹೊರಳುವ ಕೂಲಿ ಹೆಣ್ಣುಮಗಳಿಗೂ ಒಂದೇ ಬಗೆಯ ಕಿವಿ ಸಿಗುವುದಿಲ್ಲ.

5. ನಾಯಿಯೋ ತಂದೆಯೋ: ಸರ್ವನಾಮದ ಸಾಕ್ಷ್ಯ

ಮೊಕದ್ದಮೆಯ ಗತಿಯನ್ನು ತಿರುಗಿಸುವುದು ಡೇನಿಯಲ್‌ನ ಎರಡನೆಯ ಹೇಳಿಕೆ. ನಾಯಿಗೆ ಕಾಯಿಲೆಯಾದಾಗ ಅದನ್ನು ಕಾರಿನಲ್ಲಿ ಕರೆದೊಯ್ಯುವಾಗ ತಂದೆ ಆಡಿದ ಮಾತನ್ನು ಅವನು ವರದಿ ಮಾಡುತ್ತಾನೆ. ಸದಾ ನಿನ್ನ ಆರೈಕೆ ಮಾಡಿ ದಣಿದಿರಬಹುದು, ಒಂದು ದಿನ ಹೋಗಿಬಿಡುವ ಕಾಲ ಬರುತ್ತದೆ, ಸಿದ್ಧನಾಗಿರು ಎಂಬುದು ಆ ಮಾತಿನ ಸಾರ. ತಂದೆ ಹೇಳುತ್ತಿದ್ದದ್ದು ತನ್ನ ಬಗ್ಗೆಯೇ ಎಂದು ಈಗ ತನಗೆ ಹೊಳೆದಿದೆ ಎನ್ನುತ್ತಾನೆ ಹುಡುಗ. ತೆರೆಯ ಮೇಲೆ ಕದಲುವುದು ತಂದೆಯ ತುಟಿ, ಕೇಳಿಸುವುದು ಮಗನ ಧ್ವನಿ. ನುಡಿಯುವವ, ಆ ನುಡಿಯನ್ನು ರಚಿಸಿದವ, ಅದಕ್ಕೆ ಹೊಣೆಯಾದವ ಬೇರೆ ಬೇರೆಯಾಗಿರಬಹುದೆಂದು ಅರ್ವಿಂಗ್ ಗಾಫ್‌ಮನ್ ಮಾಡಿದ ವಿಂಗಡಣೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಸಿನಿಮಾದಲ್ಲಿ ಕಂಡಿಲ್ಲ.

ಆದರೆ ಈ ಸಾಕ್ಷ್ಯ ನಿಂತಿರುವುದು ಫ್ರೆಂಚಿನ ‘ಇಲ್’ ಎಂಬ ಒಂದು ಸರ್ವನಾಮದ ಮೇಲೆ. ಅದು ನಾಯಿಗೂ ಸಲ್ಲುತ್ತದೆ, ಗಂಡಸಿಗೂ ಸಲ್ಲುತ್ತದೆ. ಮಾತು ಎರಡೂ ಕಡೆ ಹೊಂದುವುದರಿಂದಲೇ ಮಗ ಅದರಲ್ಲಿ ತಂದೆಯನ್ನು ಕಾಣಲು ಸಾಧ್ಯವಾಯಿತು. ಕನ್ನಡಕ್ಕೆ ತಂದರೆ ಏನಾಗುತ್ತದೆ? ನಮ್ಮ ಲಿಂಗ ವ್ಯವಸ್ಥೆ ಮನುಷ್ಯರನ್ನೂ ಉಳಿದವನ್ನೂ ಬೇರ್ಪಡಿಸುತ್ತದೆ. ‘ದಣಿದಿದೆ’ ಎಂದರೆ ನಾಯಿ, ‘ದಣಿದಿದ್ದಾನೆ’ ಎಂದರೆ ಸಾಮಾನ್ಯವಾಗಿ ಮನುಷ್ಯ. ಸಾಕಿದ ಎತ್ತನ್ನೋ ನಾಯಿಯನ್ನೋ ಅಕ್ಕರೆಯಿಂದ ‘ಅವನು’ ಎನ್ನುವ ರೂಢಿಯಿದ್ದರೂ ದಾಖಲೆ ಬರೆಯುವ ಕೈ ಅದನ್ನು ‘ಅದು’ ಎಂದು ತಿದ್ದುವ ಸಂಭವವೇ ಹೆಚ್ಚು. ‘ತಾನು ಹೋಗುವ ದಿನ ಬರುತ್ತದೆ ಎಂದ’ ಎಂದು ಬರೆದರೆ ‘ತಾನು’ ಎಂಬ ಸರ್ವನಾಮ ಮಾತನ್ನು ತಂದೆಗೇ ಕಟ್ಟಿಹಾಕುತ್ತದೆ. ಹುಡುಗನ ಊಹೆ ತಂದೆಯ ಸ್ವಂತ ಹೇಳಿಕೆಯಾಗುತ್ತದೆ. ಒಂದು ಅನುವಾದ ಸಾಕ್ಷ್ಯವನ್ನು ಅಳಿಸುತ್ತದೆ, ಇನ್ನೊಂದು ಅದನ್ನು ಸೃಷ್ಟಿಸುತ್ತದೆ.

ಬಲ್ಲ ಅನುವಾದಕರಿಗೆ ಮೂರನೆಯ ದಾರಿಯೂ ಇದೆ. ‘-ಬಹುದು’ ಎಂಬ ರೂಪ ಲಿಂಗವನ್ನಾಗಲಿ ಪುರುಷವನ್ನಾಗಲಿ ತೋರುವುದಿಲ್ಲ. ‘ದಣಿದಿರಬಹುದು’ ಎಂದಾಗ ದಣಿದದ್ದು ನಾಯಿಯೋ ತಂದೆಯೋ ಎಂಬುದು ತೆರೆದೇ ಉಳಿಯುತ್ತದೆ. ಮೇಲಿನ ಸಾರಾಂಶವನ್ನು ನಾವು ಬರೆದದ್ದು ಆ ದಾರಿಯಲ್ಲಿಯೇ. ನ್ಯಾಯಾಲಯದ ಅವಸರದಲ್ಲಿ ಈ ಎಚ್ಚರವನ್ನು ಯಾರಿಂದ ನಿರೀಕ್ಷಿಸಬೇಕು ಎಂಬುದೇ ಪ್ರಶ್ನೆ.

6. ನಮ್ಮ ದಾಖಲೆಗಳು

ಈ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿ ಪ್ರತಿದಿನ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ವಿಷಯದಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಏರ್ಪಾಡನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಸಾಕ್ಷಿ ಬೇರೆ ನುಡಿಯಲ್ಲಿ ಹೇಳಿದರೆ ಸಾಧ್ಯವಿದ್ದಲ್ಲಿ ಆ ನುಡಿಯಲ್ಲಿಯೇ ಬರೆದುಕೊಳ್ಳಬಹುದು. ಸಾಧ್ಯವಾಗದಿದ್ದರೆ ನ್ಯಾಯಾಲಯದ ಭಾಷೆಗೆ ಮಾಡಿದ ಅನುವಾದವೇ ದಾಖಲೆಯ ಭಾಗವಾಗುತ್ತದೆ. ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಯಬೇಕು. ಪ್ರಶ್ನೋತ್ತರ ರೂಪ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ಬರೆದಿಡಬೇಕು.

ನಿರೂಪಣೆಯ ರೂಪ ಎಂದರೆ ಪ್ರಶ್ನೆಯನ್ನು ಅಳಿಸುವುದು. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಪಾಟೀಸವಾಲಿನಲ್ಲಿ ವಕೀಲರು ‘ಹಿಂದಿನ ರಾತ್ರಿ ನಿಮಗೂ ನಿಮ್ಮ ಯಜಮಾನರಿಗೂ ಜಗಳ ಆಗಿತ್ತಲ್ಲ?’ ಎಂದು ಕೇಳುತ್ತಾರೆ. ‘ಹೂನ್ರಿ’ ಎನ್ನುತ್ತಾಳೆ ಸಾಕ್ಷಿ. ದಾಖಲೆಯಲ್ಲಿ ‘ಹಿಂದಿನ ರಾತ್ರಿ ನಾನು ನನ್ನ ಗಂಡನ ಜೊತೆ ಜಗಳ ಮಾಡಿದ್ದೆನು’ ಎಂದು ಬರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ತಿರುಚಿಲ್ಲ. ಆದರೂ ‘ಆಗಿತ್ತು’ ಎಂಬುದು ‘ಮಾಡಿದ್ದೆನು’ ಆಯಿತು, ಕರ್ತೃವಿಲ್ಲದ ಘಟನೆಗೆ ಕರ್ತೃ ಒದಗಿದಳು. ‘ಹೂನ್ರಿ’ ಎಂಬುದು ಒಪ್ಪಿಗೆಯೋ, ಕೇಳುತ್ತಿದ್ದೇನೆಂಬ ಸೂಚನೆಯೋ, ದೊಡ್ಡವರೆದುರಿನ ಮರ್ಯಾದೆಯೋ ಎಂದು ಕೇಳಲು ಆ ಸಾಲಿನಲ್ಲಿ ಏನೂ ಉಳಿದಿಲ್ಲ. ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿನ ವ್ಯವಹಾರ ಇಂಗ್ಲಿಷಿನದು. ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ಓದುವವರ ಮುಂದೆ ಸಾಕ್ಷಿಯೂ ಇಲ್ಲ, ಅವಳ ಧ್ವನಿಯೂ ಇಲ್ಲ; ಇರುವುದು ಕಾಗದ.

7. ಸಮಾರೋಪ

ಸಾಕ್ಷ್ಯವನ್ನು ಶ್ರವ್ಯ-ದೃಶ್ಯ ಸಾಧನಗಳಿಂದ ದಾಖಲಿಸಲು ಕಾನೂನು ಈಗ ಅವಕಾಶ ನೀಡಿದೆ. ಇದು ಸ್ವಾಗತಾರ್ಹ. ಆದರೆ ಮುದ್ರಿಕೆಯಿಂದಲೇ ಎಲ್ಲವೂ ಬಗೆಹರಿಯದು ಎಂಬುದೇ ತ್ರಿಯೆ ಅವರ ಚಿತ್ರದ ಪಾಠ. ಸ್ಯಾಮ್ಯುಯೆಲ್‌ನ ಮುದ್ರಿಕೆಯಲ್ಲಿ ಎಲ್ಲವೂ ಕೇಳಿಸುತ್ತಿತ್ತು. ಯಾರು ಹೊಡೆದರೆಂಬುದೊಂದು ಕೇಳಿಸಲಿಲ್ಲ. ಭಾಷಾವಿಜ್ಞಾನಿಗಳ ಕೆಲಸ ಅಲ್ಲಿಂದ ಆರಂಭವಾಗಬೇಕು. ನುಡಿದದ್ದನ್ನೂ ಬರೆದದ್ದನ್ನೂ ಪಕ್ಕದಲ್ಲಿಟ್ಟು ‘-ಅಂತೆ’ ಎಲ್ಲಿ ಬಿಟ್ಟುಹೋಯಿತು, ‘ಆಗಿತ್ತು’ ಎಲ್ಲಿ ‘ಮಾಡಿದೆ’ ಆಯಿತು, ‘ತಾನು’ ಎಲ್ಲಿ ನುಸುಳಿತು ಎಂದು ಸಾಲುಸಾಲಾಗಿ ತೋರಿಸುವ ಅಧ್ಯಯನಗಳು ಕನ್ನಡದಲ್ಲಿ ಬೇಕಾಗಿವೆ. ಸಂಶೋಧನ ವಿದ್ಯಾರ್ಥಿಗಳು ವಿಷಯ ಹುಡುಕಿಕೊಂಡು ಗ್ರೆನೋಬ್ಲಿನವರೆಗೆ ಹೋಗಬೇಕಾಗಿಲ್ಲ.

ತಿಳಿಯಲಾಗದೆ ಹೋದಾಗ ನಿರ್ಧರಿಸಬೇಕಾಗುತ್ತದೆ ಎಂಬ ಮಾತನ್ನು ಚಿತ್ರದಲ್ಲಿ ಡೇನಿಯಲ್‌ನ ಕಾವಲಿಗೆ ನೇಮಕವಾದ ಮಾರ್ಜ್ ಅವನಿಗೆ ಹೇಳುತ್ತಾಳೆ. ಹುಡುಗ ನಿರ್ಧರಿಸುತ್ತಾನೆ, ಆ ನಿರ್ಧಾರದ ಹೊಣೆಯನ್ನೂ ಹೊರುತ್ತಾನೆ. ನಮ್ಮ ದಾಖಲೆಗಳಲ್ಲಿ ಬಹಳಷ್ಟು ನಿರ್ಧಾರಗಳು ಯಾರೂ ನಿರ್ಧರಿಸದೆಯೇ ಕ್ರಿಯಾಪದಗಳೊಳಗೆ ಆಗಿಹೋಗುತ್ತಿವೆ. ಅವನ್ನು ಯಾರಾದರೂ ಓದಿ ತೋರಿಸುವವರೆಗೆ ಅವುಗಳಿಗೆ ಹೊಣೆಗಾರರೂ ಇರುವುದಿಲ್ಲ.